ಅಜ್ಜಿಯ ಧ್ವನಿ, ತಾತನ ಲೆಕ್ಕದ ಪುಸ್ತಕ, ಅಟ್ಟದ ಮೇಲಿನ ವಸ್ತುಗಳು: ಮನೆತನದ ಕಥೆ ಉಳಿಸುವ ದಾರಿಗಳ ಹೋಲಿಕೆ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಮನೆಯಲ್ಲಿ ತಲೆಮಾರುಗಳಿಂದ ರೇಷ್ಮೆ ಹುಳು ಸಾಕುತ್ತಿದ್ದರು. ಆ ಕಾಲವನ್ನು ಕಣ್ಣಾರೆ ಕಂಡ ತಾತನ ತಲೆಮಾರಿನವರಲ್ಲಿ ಈಗ ಉಳಿದಿರುವವರು ಅಜ್ಜಿ ಮಾತ್ರ. ಅವರಿಗೆ ಗೊತ್ತಿರುವುದನ್ನು ಮುಂದಿನವರಿಗೆ ದಾಟಿಸಲು ನಾನು ನೆನಪುಗಳನ್ನು ಬರೆದುಕೊಂಡೆ, ತಾತನ ದಿನವಹಿಯನ್ನು ಓದಿದೆ, ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿದೆ, ಹಳೆಯ ವಸ್ತುಗಳನ್ನು ಒಪ್ಪವಾಗಿ ಎತ್ತಿಟ್ಟೆ. ಇವುಗಳಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಧ್ವನಿಮುದ್ರಣವನ್ನು ಆರಿಸುತ್ತೇನೆ. ಆದರೆ ಕೈಯಲ್ಲೊಂದು ವಸ್ತುವಿಲ್ಲದೆ ಅದನ್ನು ಆರಂಭಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬರೆದಿಟ್ಟ ನೆನಪಿನ ದೊಡ್ಡ ಗುಣವೆಂದರೆ ಅದಕ್ಕೊಂದು ಕ್ರಮವಿರುತ್ತದೆ. ಓದುವವರು ಒಂದು ಸಂಜೆಯಲ್ಲಿ ಮುಗಿಸಬಹುದು. ಆದರೆ ನನ್ನ ಪೆನ್ನಿನ ವೇಗಕ್ಕಾಗಿ ಅಜ್ಜಿ ಮಾತನ್ನು ತಡೆದು ತಡೆದು ಆಡುತ್ತಿದ್ದರು, ಮತ್ತು ಅವರ ತೆಲುಗು ಬೆರೆತ ಕನ್ನಡ ಹಾಳೆಯ ಮೇಲೆ ಪಠ್ಯಪುಸ್ತಕದ ಕನ್ನಡವಾಗಿಬಿಡುತ್ತಿತ್ತು. ಯಾವುದು ಮುಖ್ಯ ಎಂಬುದನ್ನು ಬರೆಯುವವರೇ ತೀರ್ಮಾನಿಸುವುದರಿಂದ ಮದುವೆ, ಪಾಲುಪಾರಿಕತ್ತು, ಸಾವುಗಳೆಲ್ಲ ದಾಖಲಾಗುತ್ತವೆ. ಹುಳು ಮನೆಯ ದುಡಿಮೆ ಹೊರಗುಳಿಯುತ್ತದೆ.

ತಾತ ದಿನಚರಿ ಎಂದು ಹೆಸರಿಟ್ಟು ಏನನ್ನೂ ಬರೆದವರಲ್ಲ. ತಂದ ರೇಷ್ಮೆ ಮೊಟ್ಟೆ, ಕೊಂಡ ಹಿಪ್ಪುನೇರಳೆ ಸೊಪ್ಪು, ಕೂಲಿ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕ ದರ, ನಡುವೆ ‘ಹುಳು ನಾಲ್ಕನೇ ಜ್ವರ, ಮಳೆ’ ಎಂಬಂಥ ಒಂದು ಸಾಲು (ಹುಳು ಪೊರೆ ಕಳಚುವ ಹಂತಕ್ಕೆ ಜ್ವರ ಎನ್ನುತ್ತಾರೆ), ಇಷ್ಟೇ ಅವರ ಲೆಕ್ಕದ ಪುಸ್ತಕ. ಆದರೂ ಕಾಲ ನಿರ್ಣಯದಲ್ಲಿ ಇದಕ್ಕೆ ಸಾಟಿಯಿಲ್ಲ, ಏಕೆಂದರೆ ಪ್ರತಿಯೊಂದು ಸಾಲೂ ಅಂದಂದೇ ಬರೆದದ್ದು. ಅಜ್ಜಿ ತಾವು ಹುಟ್ಟಿದ್ದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದ ವರ್ಷ ಎನ್ನುತ್ತಾರೆ. ಆ ಘಟನೆ ನಡೆದದ್ದು 1938ರ ಏಪ್ರಿಲ್ 25ರಂದು, ಆದ್ದರಿಂದ ಅವರ ಹುಟ್ಟಿದ ವರ್ಷ ತಿಳಿಯುತ್ತದೆ. ಆದರೆ ಅವರು ಹೇಳುವ ‘ದೊಡ್ಡ ಬರ’ ಯಾವುದು, ಬಾವಿ ಬತ್ತಿದ್ದು ಯಾವಾಗ ಎಂಬುದಕ್ಕೆ ತಾತನ ಪುಸ್ತಕವನ್ನೇ ತೆರೆಯಬೇಕು. ಏಕೆ ಎಂಬ ಪ್ರಶ್ನೆಗೆ ಮಾತ್ರ ಆ ಪುಸ್ತಕ ಉತ್ತರಿಸುವುದಿಲ್ಲ. ಅದರ ರಟ್ಟಿನ ಮೇಲೆ ‘ಕೋಲಾರ ಜಿಲ್ಲೆ’ ಎಂದಿದೆ. ನಮ್ಮ ತಾಲ್ಲೂಕು ಈಗ ಸೇರಿರುವ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ ಎಂಬ ಚೀಟಿಯನ್ನು ಅದರೊಳಗೆ ಇಟ್ಟಿದ್ದೇನೆ. ಇಲ್ಲದಿದ್ದರೆ ಮುಂದೊಂದು ದಿನ ಮಕ್ಕಳು ನಮ್ಮ ಊರನ್ನು ಬೇರೆ ಜಿಲ್ಲೆಯಲ್ಲಿ ಹುಡುಕಬೇಕಾಗುತ್ತದೆ. ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಹಿಂದಿನವರ ಪದ್ಧತಿ ಎಷ್ಟು ಗಟ್ಟಿಯಾಗಿತ್ತೆಂಬುದು, ಹಳದಿಗಟ್ಟಿ ಅಂಚು ಪುಡಿಯಾಗುತ್ತಿರುವ ತಾತನ ಅಗ್ಗದ ಕಾಗದವನ್ನು ಮುಟ್ಟಿದಾಗಲೆಲ್ಲ ಅರಿವಾಗುತ್ತದೆ.

ಧ್ವನಿಮುದ್ರಣದ ಶಕ್ತಿ ಬೇರೆಯೇ ಬಗೆಯದು. ‘ನಿಮ್ಮ ಚಿಕ್ಕಂದಿನ ಬಗ್ಗೆ ಹೇಳಿ ಅಜ್ಜಿ’ ಎಂದು ಕೇಳಿದರೆ, ‘ಹೇಳೋಕೇನಪ್ಪ ಐತೆ’ ಎಂದು ಸುಮ್ಮನಾಗುತ್ತಿದ್ದವರು, ಅಟ್ಟದಿಂದ ಇಳಿಸಿದ ಹಳೆಯ ಬಿದಿರಿನ ಚಂದ್ರಿಕೆಯನ್ನು (ಹುಳುಗಳು ಗೂಡು ಕಟ್ಟಲು ಬಿಡುವ ತಟ್ಟೆ) ಎದುರಿಗಿಟ್ಟ ಕೂಡಲೇ ಅದರ ಸುರುಳಿಯ ಮೇಲೆ ಬೆರಳಾಡಿಸುತ್ತ ತಾವಾಗಿಯೇ ಮಾತು ತೆಗೆದರು. ಹುಳು ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ರಾತ್ರಿ ಮನೆಯ ಮಕ್ಕಳನ್ನೆಲ್ಲ ಎಬ್ಬಿಸುತ್ತಿದ್ದುದು, ಅಕ್ಕಪಕ್ಕದವರು ಮುಯ್ಯಾಳಾಗಿ ಬಂದು ಹುಳು ಆರಿಸುತ್ತಿದ್ದುದು, ಯಾರ ಮನೆಗೆ ಎಷ್ಟು ಆಳು ತೀರಿಸಬೇಕೆಂಬುದನ್ನು ಹೆಂಗಸರು ಬಾಯಿಲೆಕ್ಕದಲ್ಲೇ ಇಡುತ್ತಿದ್ದುದು, ಇವೆಲ್ಲ ನಾನು ಬರೆದುಕೊಂಡ ಹಾಳೆಗಳಲ್ಲೂ ಇರಲಿಲ್ಲ, ತಾತನ ಪುಸ್ತಕದಲ್ಲೂ ಇರಲಿಲ್ಲ. ಕೂಲಿ ಕೊಡದ ದುಡಿಮೆ ಲೆಕ್ಕಕ್ಕೆ ಬರುವುದಾದರೂ ಹೇಗೆ!

ಫ್ಯಾನ್ ಆರಿಸಿ, ಮೊಬೈಲನ್ನು ಮಡಿಸಿದ ಟವೆಲ್ಲಿನ ಮೇಲೆ ಹತ್ತಿರದಲ್ಲಿಟ್ಟು, ಮೊದಲಿಗೆ ದಿನಾಂಕ, ಊರು ಮತ್ತು ಮಾತನಾಡುವವರ ಹೆಸರನ್ನು ನಾವೇ ಹೇಳಿಬಿಟ್ಟರೆ ಸಾಕು. ಇದರ ದೋಷವೆಂದರೆ ಉದ್ದನೆಯ ಮುದ್ರಣವನ್ನು ಮನೆಯಲ್ಲಿ ಯಾರೂ ಪೂರ್ತಿ ಕೇಳುವುದಿಲ್ಲ. ಎಷ್ಟನೇ ನಿಮಿಷದಲ್ಲಿ ಯಾವ ವಿಷಯ ಬರುತ್ತದೆ ಎಂಬ ಪಟ್ಟಿಯನ್ನು ಕೈಬರಹದಲ್ಲಿ ಇಡಲೇಬೇಕು. ಪೆನ್‌ಡ್ರೈವ್ ಒಂದನ್ನೇ ನಂಬುವುದು ಸರಿಯಲ್ಲ. ಮೂರು ಪ್ರತಿಗಳಿರಬೇಕು, ಅವುಗಳಲ್ಲಿ ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಬೇಕು.

ವಸ್ತುಗಳನ್ನು ಉಳಿಸುವುದು ಸುಲಭವೆನಿಸಿದರೂ ಅವು ತಾವಾಗಿ ಏನನ್ನೂ ಹೇಳುವುದಿಲ್ಲ. ಯಾರದೆಂದು ತಿಳಿಯದ ಭಾವಚಿತ್ರ ಮುಂದಿನ ತಲೆಮಾರಿಗೆ ಬರಿಯ ಕಾಗದ. ಭಾವಚಿತ್ರಗಳ ಹಿಂಬದಿಯ ಅಂಚಿನಲ್ಲಿ ಮೃದುವಾದ ಪೆನ್ಸಿಲ್‌ನಿಂದ ಹೆಸರು ಬರೆಯುವುದು ಒಳ್ಳೆಯದು, ಏಕೆಂದರೆ ಬಾಲ್‌ಪೆನ್ನಿನ ಒತ್ತಡ ಮುಂಬದಿಗೆ ಮೂಡುತ್ತದೆ ಮತ್ತು ಶಾಯಿ ಹರಡುತ್ತದೆ. ಅಂಟಿನ ಹಾಳೆಯ ಆಲ್ಬಮ್ ಮತ್ತು ಲ್ಯಾಮಿನೇಷನ್ ಎರಡನ್ನೂ ದೂರವಿಡಬೇಕು. ಚಿಕ್ಕ ಚಿತ್ರಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿಗಳ ಸೂಕ್ಷ್ಮತೆ) ಸ್ಕ್ಯಾನ್ ಮಾಡಿಸಿದರೆ ಮುಂದೆ ದೊಡ್ಡದಾಗಿ ಮುದ್ರಿಸಬಹುದು. ಆ ಫೈಲ್‌ಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುವುದರಿಂದ ಡಾಕ್ಯುಮೆಂಟ್ ಆಗಿಯೇ ಕಳುಹಿಸಬೇಕು. ಹಳೆಯ ರೇಷ್ಮೆ ಸೀರೆಗೆ ಪಾಲಿಥೀನ್ ಚೀಲಕ್ಕಿಂತ ತೊಳೆದು ಒಣಗಿಸಿದ ಹತ್ತಿ ಬಟ್ಟೆಯೇ ಮೇಲು, ಚೀಲದೊಳಗೆ ತೇವ ನಿಲ್ಲುತ್ತದೆ.

ಆದರೆ ಧ್ವನಿಮುದ್ರಣವೇ ಎಲ್ಲರಿಗೂ ಹೊಂದುತ್ತದೆ ಎನ್ನಲಾರೆ. ನಿವೃತ್ತ ಶಿಕ್ಷಕರಾದ ನಮ್ಮ ದೊಡ್ಡಪ್ಪ ಮೊಬೈಲ್ ಎದುರಿಗಿದ್ದರೆ ವೇದಿಕೆಯ ಭಾಷಣದ ಧಾಟಿಗೆ ಇಳಿಯುತ್ತಾರೆ. ಅದೇ ಒಂದು ನೋಟ್‌ಬುಕ್ ಕೊಟ್ಟಾಗ, ತಮ್ಮ ತಂದೆ ಹುಳುವೆಲ್ಲ ರೋಗಕ್ಕೆ ಹೋದ ವರ್ಷ ಸಾಲ ಕೊಟ್ಟವರೆದುರು ಹೇಗೆ ನಿಂತಿದ್ದರೆಂಬುದನ್ನು, ನಮಗೆ ಯಾರಿಗೂ ಎಂದೂ ಬಾಯಿಬಿಟ್ಟು ಹೇಳದ್ದನ್ನು, ಪುಟಗಟ್ಟಲೆ ಬರೆದುಕೊಟ್ಟರು. ಬರೆಯುವ ಅಭ್ಯಾಸವಿರುವ ಅಂಥ ಹಿರಿಯರಿಗೆ ಅಗಲವಾದ ಗೆರೆಗಳ ಗಟ್ಟಿ ರಟ್ಟಿನ ಪುಸ್ತಕವನ್ನು ಕೊಟ್ಟು, ನಡುವೆ ಇಣುಕಿ ನೋಡದೆ, ಅವರು ಮುಗಿಯಿತು ಎನ್ನುವವರೆಗೆ ಕಾಯುವುದೇ ಸರಿ.