ಎರಡು ವರ್ಷ ಜಪಾನಿ ಕಲಿಸಿದ ಆ್ಯಪ್, ಮತ್ತು ಅದರ ಕಣ್ಣಿಗೆ ಬೀಳದ ಕನ್ನಡ

ಎಷ್ಟು ಪಾಠ, ಎಷ್ಟು ಪದ, ಯಾವ ಪ್ಲ್ಯಾನಿಗೆ ಎಷ್ಟು ದುಡ್ಡು ಅನ್ನುವುದೆಲ್ಲ ಇಂಥ ಆ್ಯಪ್ ಹುಡುಕುವವರು ಪ್ಲೇ ಸ್ಟೋರಿನಲ್ಲೇ ನೋಡಿರುತ್ತಾರೆ. ನಾನು ಬರೆಯುತ್ತಿರುವುದು ಎರಡು ವರ್ಷ ಎರಡು ತಿಂಗಳು ದಿನಾ ಬಳಸಿದ ಮೇಲೆ ಏನಾಯಿತು ಅಂತ.

ಮಗಳು-ಅಳಿಯ ಕೆಲಸಕ್ಕಾಗಿ ನಗೋಯಾಕ್ಕೆ ಹೋದರು. ಅವರ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನಾನು ವಿಡಿಯೋ ಕಾಲ್ ಮಾಡಿದಾಗ ಅವರು ಅಲ್ಲಿದ್ದರೆ ತಲೆಬಾಗಿಸಿ ಏನೋ ಮಾತಾಡಿಸುತ್ತಿದ್ದರು, ನಾನು ಬರೀ ಕೈಮುಗಿದು ನಗುತ್ತಿದ್ದೆ. ಮಗಳನ್ನು ಅಷ್ಟು ಚಂದ ನೋಡಿಕೊಳ್ಳುವವರಿಗೆ ಎರಡು ಮಾತು ಆಡಲಿಕ್ಕೆ ಬರಲಿಲ್ಲವಲ್ಲ ಅಂತ ಬಹಳ ಕೆಟ್ಟೆನಿಸಿತು. ಆ ದೀಪಾವಳಿಗೆ ಆಫರ್ ಬಂದಾಗ ವರ್ಷಕ್ಕೆ 2,400 ರೂಪಾಯಿ ಕೊಟ್ಟು ಒಂದು ಆ್ಯಪ್ ತೆಗೆದುಕೊಂಡೆ. ನಾನು ಹುಬ್ಬಳ್ಳಿ ದಾಜಿಬಾನ ಪೇಟೆಯ ಒಂದು ಅರಿವಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಅಷ್ಟು ದುಡ್ಡೆಂದರೆ ನಮ್ಮ ಮನೆಯ ಒಂದೂವರೆ ತಿಂಗಳ ಹಾಲಿನ ಬಿಲ್ಲು.

ಪಾಠಕ್ಕೆ ಜಾಗ ಚಿಗರಿ ಬಸ್. ಬೆಳಿಗ್ಗೆ ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಹತ್ತಿದರೆ ಹುಬ್ಬಳ್ಳಿ ಮುಟ್ಟಲು ಸುಮಾರು ಮುಕ್ಕಾಲು ತಾಸು. ಕಿಟಕಿ ಪಕ್ಕದ ಸೀಟು, ಒಂದೇ ಕಿವಿಗೆ ಇಯರ್‌ಫೋನ್. ನವಲೂರು ದಾಟುವುದರೊಳಗೆ ಹಿಂದಿನ ದಿನದ್ದು ತಿರುವಿ ಹಾಕುವುದು, ರಾಯಾಪುರ ಬರುವಷ್ಟರಲ್ಲಿ ಹೊಸ ಪಾಠ ಮುಗಿಸುವುದು. ನವನಗರ ದಾಟಿದ ಮೇಲೆ ಫೋನ್ ಪರ್ಸಿನೊಳಗೆ. ಉಣಕಲ್ ಕೆರೆ ಕಂಡಾಗ ಅವತ್ತಿನ ಐದು ಪದ ಬಾಯಲ್ಲಿ ಹೇಳಿಕೊಳ್ಳಬೇಕು, ಬಾರದಿದ್ದರೆ ಸಂಜೆ ವಾಪಸ್ ಬರುವಾಗ ಅದೇ ಪಾಠ. ಮಿಜು ನೀರು, ತೊರಿ ಹಕ್ಕಿ, ಸೊರ ಆಕಾಶ. ಇವು ಮೂರೂ ಆ ಕೆರೆಯ ದಂಡೆಯಲ್ಲೇ ನೆನಪಿನಲ್ಲಿ ಕೂತವು.

ಮೊದಲ ತಿಂಗಳು ಅಕ್ಷರ ಕಲಿಕೆ. ಆ್ಯಪು ಜಪಾನಿಯ ಮೊದಲ ಅಕ್ಷರಮಾಲೆಯಾದ ಹಿರಗನವನ್ನು ತನಗೆ ಬೇಕಾದ ಹಾಗೆ ಹರಡಿಟ್ಟು, ಪ್ರತಿಯೊಂದರ ಕೆಳಗೆ ಇಂಗ್ಲಿಷ್ ಅಕ್ಷರ ಬರೆದು ತೋರಿಸುತ್ತಿತ್ತು. ಮೂರು ವಾರವಾದರೂ ಅರ್ಧ ತಲೆಗೆ ಹತ್ತಲಿಲ್ಲ. ಕೊನೆಗೆ ಅಂಗಡಿಯ ಹಳೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಸಾಲು ಸಾಲಾಗಿ ಬರೆದು, ಬಸ್ಸಿನಲ್ಲಿ ಬಾಯಿಪಾಠ ಮಾಡತೊಡಗಿದೆ: ಕ, ಕಿ, ಕು, ಕೆ, ಕೊ. ಪಕ್ಕದಲ್ಲಿ ಸತ್ತೂರಿಗೆ ಹೊರಟಿದ್ದ ಒಬ್ಬ ಮುದುಕಿ ಕೇಳಿದರು, "ಏನ ಬಾಯಿಪಾಠ ಮಾಡಾಕತ್ತೀಯವಾ?" ಜಪಾನಿ ಅಂದೆ. "ಕಾಗುಣಿತ ಆತಲ್ಲ ಇದು. ಕಾ, ಕೀ, ಕೂ ಎಲ್ಲೆ ಬಿಟ್ಟಿ?" "ಅವರ ಕಡೆ ದೀರ್ಘಕ್ಕ ಬ್ಯಾರೆ ಅಕ್ಷರ ಇಲ್ಲಬೇ ಯವ್ವಾ, ಮುಂದ ಇನ್ನೊಂದು ಸ್ವರ ಸೇರಸ್ತಾರ" ಅಂದೆ. ಆಕೆ ತಲೆ ಅಲ್ಲಾಡಿಸಿ, "ಹಂಗಾದ್ರ ಸಸಾರ ಐತಿ" ಅಂತ ಹೇಳಿ ಇಳಿದು ಹೋದರು.

ಆಕೆ ಹೇಳಿದ್ದು ಬರೊಬ್ಬರಿ ಇತ್ತು. ಜಪಾನಿಯ ವರ್ಣಮಾಲೆ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಮಧ್ಯದ ಕೆಲವನ್ನು ಬಿಟ್ಟರೆ ನಮ್ಮ ಸಾಲೇ. ಬೌದ್ಧ ಭಿಕ್ಷುಗಳು ಸಂಸ್ಕೃತದ ಮಂತ್ರ ಓದಲೆಂದು ಸಿದ್ಧಂ ಲಿಪಿ ಕಲಿತಿದ್ದರು. ಆ ಓದಿನ ಪ್ರಭಾವದಿಂದಲೇ ಅವರ ಅಕ್ಷರಗಳು ಈ ಕ್ರಮದಲ್ಲಿ ಕೂತವು. ಆ್ಯಪು ಇದನ್ನು ಒಂದು ಸಾಲಿನಲ್ಲಿ ಹೇಳಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು. ಕಾಗುಣಿತದಂತೆ ಬರೆಯಲು ಹಿಡಿದ ಒಂಬತ್ತೇ ದಿನಕ್ಕೆ 46 ಅಕ್ಷರ ಕೈಗೆ ಬಂದವು.

ಉಚ್ಚಾರಣೆಯದೂ ಅದೇ ಕತೆ. ಬಂದು ಅನ್ನುವಾಗಿನ ಕಿತೆ ಬೇರೆ, ಅಂಚೆ ಚೀಟಿಯ ಕಿತ್ತೆ ಬೇರೆ ಅಂತ ತಿಳಿಸಲು ಆ್ಯಪಿನಲ್ಲಿ ನಾಲ್ಕು ಪಾಠ, ಬಾಣದ ಗುರುತು, ಚಪ್ಪಾಳೆ ತಟ್ಟುವ ಅಭ್ಯಾಸ. ಕತೆ ಯಾವುದು ಕತ್ತೆ ಯಾವುದು ಅಂತ ನಮ್ಮ ಮೂರು ವರ್ಷದ ಕೂಸಿಗೂ ಗೊತ್ತು. ಒತ್ತಕ್ಷರ ಅಂದರೆ ಮುಗಿಯಿತು. ಒಬಸನ್ ಅಂದರೆ ಅತ್ತೆ-ಮಾವಶಿ ವಯಸ್ಸಿನವರು, ಒಬಾಸನ್ ಅಂದರೆ ಅಜ್ಜಿ. ಇಂಗ್ಲಿಷ್ ಅಕ್ಷರದಲ್ಲಿ ಈ ಹ್ರಸ್ವ-ದೀರ್ಘ ಎಷ್ಟೋ ಸಲ ಕಾಣುವುದೇ ಇಲ್ಲ. ಕನ್ನಡದಲ್ಲಿ ಬರೆದುಕೊಂಡರೆ ತಪ್ಪಲು ಸಾಧ್ಯವಿಲ್ಲ.

ಇಲ್ಲಿಂದ ಮುಂದೆ ನನಗೆ ಸಿಟ್ಟು ಬರತೊಡಗಿತು. ಪ್ರತಿ ಪಾಠದಲ್ಲೂ ಜಪಾನಿ ವಾಕ್ಯ ಕೇಳಿಸಿ ಇಂಗ್ಲಿಷಿಗೆ ಅನುವಾದ ಮಾಡು ಅನ್ನುತ್ತದೆ. "ಗೊಹನ್ ಒ ತಬೆಮಸು" ಅಂದರೆ ಅನ್ನವನ್ನು ಉಣ್ಣುತ್ತೇನೆ. "ಒ" ಅನ್ನುವುದು ನಮ್ಮ "ಅನ್ನು", ಕ್ರಿಯಾಪದ ಕೊನೆಗೆ, ಎಲ್ಲ ನಮ್ಮ ಹಾಗೇ. ಅರ್ಥ ಪೂರ್ತಿ ತಿಳಿದಿದ್ದರೂ ಇಂಗ್ಲಿಷಿನಲ್ಲಿ ಒಂದು "ದಿ" ಬಿಟ್ಟೆ ಅಂತ ಕೆಂಪು ಗೆರೆ, ಪಾಠ ಮತ್ತೆ ಮೊದಲಿಂದ. ಆ "ದಿ" ಜಪಾನಿಯಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. "ಅಶಿತ ಕಿಮಸು" ಅಂದರೆ ನಾಳೆ ಬರ್ತೀನಿ. ನಾವು ದಿನಾ ಬರ್ತೀನಿ ಅನ್ನುವುದಕ್ಕೂ ನಾಳೆ ಬರ್ತೀನಿ ಅನ್ನುವುದಕ್ಕೂ ಒಂದೇ ರೂಪ ಬಳಸುತ್ತೇವೆ, ಅವರೂ ಹಾಗೇ. ನಡುವೆ ಇಂಗ್ಲಿಷಿನ ಭವಿಷ್ಯತ್ಕಾಲ ಹಾಕಲಿಲ್ಲ ಅಂತ ಮತ್ತೆ ತಪ್ಪು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ದುಡ್ಡು ಕೊಟ್ಟದ್ದು ಜಪಾನಿಗೆ, ಒಂದು ವರ್ಷದ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗ್ಲಿಷಿನವು. ಕನ್ನಡದ ಆಯ್ಕೆ ಕೊಡಿ ಅಂತ ಎರಡು ಸಲ ಬರೆದೆ. ಎರಡು ಸಲವೂ ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅನ್ನುವ ಅದೇ ಅಚ್ಚಿನ ಉತ್ತರ ಬಂತು.

ಬಿಟ್ಟುಬಿಡುತ್ತಿದ್ದೆ, ಪೇಡೆ ತಡೆಯಿತು. ಮಗಳು ರಜೆಗೆ ಬಂದು ಹೋಗುವಾಗ ಒಂದು ಕಿಲೋ ಧಾರವಾಡ ಪೇಡೆ ಕಟ್ಟಿಸಿ ಕೊಟ್ಟಿದ್ದೆ. ವಿಡಿಯೋ ಕಾಲ್‌ನಲ್ಲಿ ಪಕ್ಕದ ಮನೆಯ ಅಜ್ಜಿ ಪೆಟ್ಟಿಗೆ ತೆರೆದು, ಸಕ್ಕರೆ ಪುಡಿ ಹತ್ತಿದ ಆ ಕಂದು ಉಂಡೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನನ್ನ ಕಡೆ ನೋಡಿದರು. ತಿಂದು ನೋಡ್ರಿ ಅನ್ನಬೇಕಿತ್ತು. ಆ ಪಾಠ ಹಿಂದಿನ ವಾರವಷ್ಟೇ ಆಗಿತ್ತು, ಇಂಗ್ಲಿಷಿನ "ಟ್ರೈ" ಇಟ್ಟುಕೊಂಡು ಎರಡು ಪುಟ ವಿವರಣೆ ಓದಿದ್ದೆ, ಒಂದೂ ನೆನಪಾಗಲಿಲ್ಲ. ನನ್ನ ಮಾತನ್ನೇ ಹೋಳು ಹೋಳಾಗಿ ಜಪಾನಿಗೆ ಇಟ್ಟೆ. ತಿಂದು, ತಬೆತೆ. ನೋಡಿ, ಮಿತೆ. ದಯವಿಟ್ಟು, ಕುದಸೈ. "ತಬೆತೆ ಮಿತೆ ಕುದಸೈ." ಅವರು "ಹೈ", ಅಂದರೆ ಹೂಂ, ಅಂತ ಹೇಳಿ ಬಾಯಿಗೆ ಹಾಕಿಕೊಂಡರು. ಮಗಳು ಫೋನಿನ ಆಚೆ ಬೆರಗಾಗಿ, "ಅವ್ವಾ, ಹಂಗ ಅಂತಾರ, ಪಕ್ಕಾ ಹಂಗ!" ಅಂದಳು. ಅಜ್ಜಿ ಇನ್ನೊಂದು ಪೇಡೆ ತೆಗೆದುಕೊಂಡರು.

ಆ ರಾತ್ರಿ ಹಳೇ ಪಾಠಗಳನ್ನೆಲ್ಲ ತೆಗೆದು ಕನ್ನಡದ ಪಕ್ಕ ಇಟ್ಟು ನೋಡಿದೆ. ಬರ್ತೀನಂತ ಹೇಳಿದಳು ಅನ್ನುವಲ್ಲಿನ "ಅಂತ" ಅವರಲ್ಲಿ "ತೊ", ಇರುವುದೂ ಅದೇ ಜಾಗದಲ್ಲಿ. ಬರ್ತೀರಾ ಅನ್ನುವಾಗಿನ ಕೊನೆಯ "ಆ" ಅವರಲ್ಲಿ "ಕ". ಮನೆಯಿಂದ ಅನ್ನುವ "ಇಂದ" ಅವರಲ್ಲಿ "ಕರ". ಎದೆ ಡವಡವ ಅಂದರೆ ಅವರಲ್ಲಿ "ದೊಕಿದೊಕಿ", ಪಾತ್ರೆ ಫಳಫಳ ಹೊಳೆದರೆ "ಪಿಕಪಿಕ". ಕೊರೆ, ಸೊರೆ, ಅರೆ ಅಂತ ಅವರಿಗೆ ಮೂರು ಇವೆ, ನಮಗೆ ಇದು, ಅದು ಎರಡೇ ಅಂದುಕೊಳ್ಳುವಾಗ ಕರ್ನಾಟಕ ಕಾಲೇಜಿನಲ್ಲಿ ಕಲಿತ ಹಳಗನ್ನಡ ನೆನಪಾಯಿತು: ಅದು-ಇದುಗಳ ನಡುವಿನದ್ದಕ್ಕೆ "ಉದು" ಅಂತ ಒಂದು ಇತ್ತು. ನಮ್ಮಲ್ಲಿ ಕಳೆದುಹೋದದ್ದು ಅವರ ಬಾಯಲ್ಲಿ ದಿನಾ ಓಡಾಡುತ್ತಿದೆ. ಎರಡೂ ಒಂದೇ ಕುಲದ ಭಾಷೆ ಅಂತ ನಾನು ಹೇಳುತ್ತಿಲ್ಲ. ತಮಿಳಿಗೂ ಜಪಾನಿಗೂ ನಂಟಿದೆ ಅಂತ ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ವಾದಿಸಿದ್ದರು, ಬಹುಪಾಲು ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ಕಲಿಯುವವರಿಗೆ ಮಾತಿನ ಅಚ್ಚು ಹೊಂದಿದರೆ ಸಾಕು. ಚೀನಾದಿಂದ ಬಂದ ಅಕ್ಷರಗಳಾದ ಕಾಂಜಿ ಬಂದಾಗ ಮಾತ್ರ ಕನ್ನಡ ಕೈಬಿಡುತ್ತದೆ, ಅಲ್ಲಿ ಬರೆದೇ ಕಲಿಯಬೇಕು. ಬಳಕೆಯ ಕಾಂಜಿಗಳ ಅಧಿಕೃತ ಪಟ್ಟಿಯಲ್ಲಿ 2,136 ಇವೆ, ನನಗೆ ಬರುವುದು ಇನ್ನೂ 140.

ಆಮೇಲೆ ಅಂಕಿ (Anki) ಅನ್ನುವ, ಕಾರ್ಡ್ ತೋರಿಸಿ ಪದ ನೆನಪು ಮಾಡಿಸುವ ಇನ್ನೊಂದು ಆ್ಯಪ್ ಹಾಕಿಕೊಂಡೆ. ಆಂಡ್ರಾಯ್ಡ್ ಫೋನಿಗೆ ಪುಕ್ಕಟೆ ಸಿಗುತ್ತದೆ, ಐಫೋನಿಗೆ ದುಡ್ಡು. ಅದರಲ್ಲಿ ಸಿದ್ಧ ಪಾಠ ಇರುವುದಿಲ್ಲ, ಕಾರ್ಡ್ ನಾವೇ ಮಾಡಿಕೊಳ್ಳಬಹುದು, ನನಗೆ ಬೇಕಾಗಿದ್ದೂ ಅದೇ. ಮುಂದೆ ಕನ್ನಡ, ಹಿಂದೆ ಜಪಾನಿ, ಇಂಗ್ಲಿಷ್ ಎಲ್ಲೂ ಇಲ್ಲ. ಅದು ನಡೆಯುವ ರೀತಿ ಅಂಗಡಿಯ ಉದ್ರಿ ಖಾತೆಯಂತೆ. ಹೇಳಿದ ದಿನಕ್ಕೆ ದುಡ್ಡು ಕೊಡುವ ಗಿರಾಕಿಯನ್ನು ತಿಂಗಳಿಗೊಮ್ಮೆ ಕೇಳಿದರೆ ಸಾಕು, ತಪ್ಪಿಸುವವನನ್ನು ದಿನಾ ಕೇಳಬೇಕು. ನೆನಪಿರುವ ಪದವನ್ನು ಅದು ದೂರ ದೂರಕ್ಕೆ ತಳ್ಳುತ್ತದೆ, ಮರೆತದ್ದನ್ನು ನಾಳೆಯೇ ಎದುರಿಗೆ ತಂದು ನಿಲ್ಲಿಸುತ್ತದೆ. ರಾತ್ರಿ ರೊಟ್ಟಿ ಬಡಿದು ಮುಗಿದ ಮೇಲೆ ಹತ್ತು ನಿಮಿಷ ಕೂತು ಹೊಸ ಕಾರ್ಡ್ ಮಾಡುತ್ತೇನೆ. ಇವತ್ತಿಗೆ 612 ಆಗಿವೆ. ಪಾಠಕ್ಕೆ ಜಪಾನ್ ಫೌಂಡೇಶನ್ನಿನ ಇರೊದೊರಿ ಪುಸ್ತಕ, ಧ್ವನಿಯ ಜೊತೆ ಪುಕ್ಕಟೆ ಇಳಿಸಿಕೊಳ್ಳಬಹುದು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ 48 ಸಣ್ಣ ಪಾಠಗಳು ಹಿಂದಿಯಲ್ಲೂ ಇವೆ. ಇಂಗ್ಲಿಷಿಗಿಂತ ಹಿಂದಿ ವಾಸಿ, ಅಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ.

ದುಡ್ಡು ಕೊಟ್ಟ ಆ್ಯಪಿಗೆ ಅನ್ಯಾಯ ಮಾಡಬಾರದು. ಅದರ ಧ್ವನಿಗಳು ನಿಜಕ್ಕೂ ಚೆನ್ನಾಗಿವೆ. ಗಂಡಸು, ಹೆಂಗಸು, ಮುದುಕರು, ಎಲ್ಲರ ದನಿಯಲ್ಲೂ ಅದೇ ವಾಕ್ಯ ಕೇಳಬಹುದು, ನಿಧಾನ ಮಾಡಿಯೂ ಕೇಳಬಹುದು. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಎಲ್ಲಕ್ಕಿಂತ ಕೆಳಗಿನ ಹಂತ, ಎನ್5 ಬರೆದೆ. 180ಕ್ಕೆ 80 ಬಂದರೆ ಪಾಸು, ಕೇಳುವ ಭಾಗದಲ್ಲಿ ಬೇರೆಯಾಗಿ 60ಕ್ಕೆ 19 ಬರಲೇಬೇಕು. ನನಗೆ ಒಟ್ಟು 113, ಕೇಳುವುದರಲ್ಲಿ 44. ಆ 44 ಈ ಆ್ಯಪಿನ ಪುಣ್ಯ. ಮಾತಾಡುವ ಪರೀಕ್ಷೆ ಜೆಎಲ್‌ಪಿಟಿಯಲ್ಲಿ ಯಾವ ಹಂತದಲ್ಲೂ ಇಲ್ಲ, ಅದಕ್ಕೆ ನನಗೆ ನಗೋಯಾದ ಅಜ್ಜಿ ಇದ್ದಾರೆ.

ಹಾಗಾಗಿ ಮೂರನೇ ವರ್ಷಕ್ಕೆ ದುಡ್ಡು ಕಟ್ಟಲಿಲ್ಲ. ಈಗ ಬರೀ ಪುಕ್ಕಟೆ ಭಾಗ ಬಳಸುತ್ತೇನೆ, ಜಾಹೀರಾತು ಬರುತ್ತವೆ, ಬರಲಿ. ಇಂಗ್ಲಿಷ್ ಚೆನ್ನಾಗಿ ಬರುವವರಿಗೆ ನನ್ನಷ್ಟು ತೊಂದರೆ ಆಗಲಿಕ್ಕಿಲ್ಲ, ಮೊದಲ ವರ್ಷದ ಮಟ್ಟಿಗೆ ತೆಗೆದುಕೊಳ್ಳಬಹುದು. ನನ್ನ ಹಾಗೆ ಕನ್ನಡದಲ್ಲೇ ಓದಿ ಬೆಳೆದವರು ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಕ, ಕಿ, ಕು, ಕೆ, ಕೊ ಬರೆದುಕೊಳ್ಳಿ, ಅಂಕಿ ಹಾಕಿಕೊಳ್ಳಿ, ಆಮೇಲೆ ಬೇಕೆನಿಸಿದರೆ ಆ್ಯಪ್ ನೋಡಿ. ನನ್ನ 612 ಕಾರ್ಡುಗಳನ್ನು ಅಂಕಿಯಿಂದ ಒಂದೇ ಫೈಲಾಗಿ ಹೊರತೆಗೆದು ಇಟ್ಟಿದ್ದೇನೆ. ಕನ್ನಡದ ಮೂಲಕ ಕಲಿಯುತ್ತೇನೆ ಅನ್ನುವ ಯಾರು ಕೇಳಿದರೂ ಕಳಿಸುತ್ತೇನೆ.