ವ್ಯಾಕ್ಯೂಮ್ ಸೀಲರ್ ಕೊಳ್ಳುವ ಮುನ್ನ ಫ್ರೀಜರ್ ನೋಡಿಕೊಳ್ಳಿ

ಚೀಲದ ಬಾಯಿಯನ್ನು ಅಂಚಿಗೆ ಸಿಕ್ಕಿಸಿದರೆ ಗಾಳಿ ಎಳೆದು, ಬಿಸಿ ಪಟ್ಟಿಯಿಂದ ಬೆಸೆಯುವ ಮನೆಬಳಕೆಯ ವ್ಯಾಕ್ಯೂಮ್ ಸೀಲರ್ ನಿಜಕ್ಕೂ ಉಪಯುಕ್ತ ಯಂತ್ರ. ಆದರೆ ಅದರ ಬೆಲೆ ಹುಟ್ಟುವುದು ಫ್ರೀಜರ್‌ನಲ್ಲಿ ಜಾಗವಿರುವ ಮನೆಯಲ್ಲಿ ಮಾತ್ರ.

ಫ್ರೀಜರ್‌ನಲ್ಲಿಟ್ಟ ಮಾಂಸ, ಬ್ರೆಡ್ ಬಿಳಿಚಿಕೊಂಡು ನಾರಾಗುವುದು ಮೇಲ್ಮೈಯ ತೇವ ಆರಿಹೋಗುವುದರಿಂದ. ಪ್ಲಾಸ್ಟಿಕ್ ಮೈಗಂಟಿ ಕೂತರೆ ತೇವ ಹೋಗಲು ದಾರಿಯಿಲ್ಲ. -18 ಡಿಗ್ರಿಯಲ್ಲಿ ರುಚಿ ತಿಂಗಳುಗಟ್ಟಲೆ ಉಳಿಯುತ್ತದೆ. ಇಲ್ಲಿ ಯಂತ್ರಕ್ಕೆ ಪೂರ್ಣ ಅಂಕ.

ರಸವಿರುವ ಅಡುಗೆಯಲ್ಲಿ ಮಾತ್ರ ಸೋಲುತ್ತದೆ. ಗಾಳಿಯ ಜೊತೆ ದ್ರವವೂ ಮೇಲೇರಿ ಬೆಸುಗೆಯ ಜಾಗ ಒದ್ದೆಯಾಗುತ್ತದೆ, ಸೀಲ್ ಹಿಡಿಯುವುದಿಲ್ಲ. ಸೂಪನ್ನು ಮೊದಲು ಡಬ್ಬಿಯಲ್ಲಿ ಗಟ್ಟಿಯಾಗಿಸಿ, ಆ ಗಡ್ಡೆಯನ್ನು ಚೀಲಕ್ಕೆ ಹಾಕಿ. ಆಹಾರದ ಮೇಲೆ 7-8 ಸೆಂ.ಮೀ. ಖಾಲಿ ಬಿಡಿ, ಬಾಯಿಯ ಒಳಬದಿ ಒರೆಸಿ, ಸುಕ್ಕಿಲ್ಲದಂತೆ ಎಳೆದು ಹಿಡಿಯಿರಿ. ಎರಡು ಸಾಲು ಬೆಸುಗೆ ಹಾಕುವುದು ಕ್ಷೇಮ. ಮರುದಿನ ಚೀಲ ಸಡಿಲವಾಗಿದ್ದರೆ ಕಾರಣ ಸಾಮಾನ್ಯವಾಗಿ ಸುಕ್ಕು, ಜಿಡ್ಡು ಅಥವಾ ಚುಚ್ಚಿದ ಮೂಳೆ.

ಹೂಕೋಸು, ಎಲೆಕೋಸನ್ನು ಹಸಿಯಾಗಿ ಸೀಲ್ ಮಾಡಿದರೆ ಅವು ಬಿಡುವ ಅನಿಲಕ್ಕೆ ಚೀಲ ಉಬ್ಬುತ್ತದೆ. ಹೂಕೋಸಿನ ಸಣ್ಣ ತುಂಡುಗಳನ್ನು ಕುದಿಯುವ ನೀರಲ್ಲಿ 3 ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ನೀರು ಪೂರ್ತಿ ಆರಿದ ಮೇಲೆ ಸೀಲ್ ಮಾಡಿ ಫ್ರೀಜರ್‌ಗಿಡಿ.

ಗಾಳಿ ತೆಗೆದರೆ ಆಹಾರ ಹೊರಗಿಟ್ಟರೂ ಕೆಡದು ಎಂಬ ನಂಬಿಕೆ ಜೀವಕ್ಕೇ ಅಪಾಯ. ಬಾಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುವುದೇ ಆಮ್ಲಜನಕ ಇಲ್ಲದ ಕಡೆ. ಅದರ ವಿಷ ವಾಸನೆಯಿಂದಾಗಲಿ ನೋಟದಿಂದಾಗಲಿ ಗೊತ್ತಾಗದು. ಹಸಿ ಬೆಳ್ಳುಳ್ಳಿ, ಅಣಬೆಯನ್ನು ಸೀಲ್ ಮಾಡಲೇಬೇಡಿ. ಬೇಯಿಸಿದ ಅಡುಗೆ ಸೀಲಾಗಿದ್ದರೂ ಫ್ರಿಜ್‌ನಲ್ಲಿ 3-4 ದಿನದೊಳಗೆ ಮುಗಿಸಿ. ಗಟ್ಟಿಯಾದ ಮೀನನ್ನು ಕರಗಿಸುವಾಗ ಚೀಲವನ್ನು ಮೊದಲೇ ಕತ್ತರಿಸಿ, ಫ್ರಿಜ್‌ನೊಳಗೇ ಕರಗಿಸಿ.

ನಿರಂತರ ಖರ್ಚು ಚೀಲಗಳದ್ದು. ಒಳಮೈಯಲ್ಲಿ ಉಬ್ಬು ಗೆರೆಗಳಿರುವ ಚೀಲವೇ ಬೇಕು. ನುಣುಪಾದದ್ದು ಬೇಗ ಅಂಟಿಕೊಂಡು ಗಾಳಿ ಒಳಗೇ ಉಳಿಯುತ್ತದೆ. ಒಣ ಪದಾರ್ಥದ ಚೀಲವನ್ನು ತೊಳೆದು ಮತ್ತೆ ಬಳಸಬಹುದು, ಹಸಿ ಮಾಂಸ ತುಂಬಿದ್ದನ್ನು ಬಿಸಾಡಲೇಬೇಕು. ಎರಡು ದಿನದಲ್ಲಿ ತಿಂದು ಮುಗಿಸುವ ಮಿಕ್ಕ ಅಡುಗೆಗೆ ಇಷ್ಟೆಲ್ಲ ಪ್ಲಾಸ್ಟಿಕ್ ಸುರಿಯುವುದು ಸರಿಯಲ್ಲ, ಮುಚ್ಚಳದ ಡಬ್ಬಿ ಸಾಕು.

ಕೊಳ್ಳುವುದಾದರೆ ಮೂರು ನೋಡಿ: ಗಾಳಿ ಎಳೆಯುವುದನ್ನು ಅರ್ಧಕ್ಕೇ ನಿಲ್ಲಿಸಿ ಬೆಸೆಯುವ ಪ್ರತ್ಯೇಕ ಗುಂಡಿ (ಬ್ರೆಡ್ ಅಪ್ಪಚ್ಚಿಯಾಗದಿರಲು ಇದು ಬೇಕೇ ಬೇಕು), ಸೋರಿದ ದ್ರವ ಹಿಡಿಯುವ, ತೊಳೆಯಲು ಹೊರತೆಗೆಯಬಹುದಾದ ತಟ್ಟೆ, ಬಿಡಿಯಾಗಿ ಸಿಗುವ ಗ್ಯಾಸ್ಕೆಟ್ (ಮುಚ್ಚಳದ ಅಂಚಲ್ಲಿ ಗಾಳಿ ಸೋರದಂತೆ ತಡೆಯುವ ಮೆತ್ತನೆಯ ಪಟ್ಟಿ). ಮುಚ್ಚಳವನ್ನು ಲಾಕ್ ಮಾಡಿಟ್ಟರೆ ಗ್ಯಾಸ್ಕೆಟ್ ಒತ್ತಿಹೋಗಿ ಯಂತ್ರ ಗಾಳಿ ಎಳೆಯುವುದನ್ನೇ ಬಿಡುತ್ತದೆ. ಎತ್ತಿಡುವಾಗ ಲಾಕ್ ಬಿಚ್ಚಿಡಿ.