ಊರಿನ ಕೇಬಲ್ಲೋ, ಡಿಶ್ಶೋ?
ಮಂಗಳೂರಿನ ಮನೆಯಲ್ಲಿ ಅಮ್ಮನಿಗೆ ಯಾವುದು ಹಾಕಿಸುವುದು? ಧಾರಾವಾಹಿ, ರಾಜ್ಯದ ಸುದ್ದಿ ಸಾಕಾದರೆ ಡಿಶ್ ಧಾರಾಳ.

ಆದರೆ ಆ ದೊಡ್ಡ ಚಾನೆಲ್‌ಗಳಲ್ಲಿ ಕರಾವಳಿಯವರು ಅಂದ್ರೆ ಹೆಚ್ಚಾಗಿ ನಗಿಸುವ ಪಾತ್ರ. ‘ಎಂತ ಮಾರಾಯಾ’ ಅಂದರೆ ಕೆಲಸ ಮುಗಿಯಿತು! ಊರಿನ ಕೇಬಲ್ ಚಾನೆಲ್‌ಗಳಲ್ಲಿ ತುಳು ಇರುವುದು ತಮಾಷೆಗಲ್ಲ, ಮಾತಾಡಲಿಕ್ಕೆ. ಕೊಂಕಣಿಯೂ ಉಂಟು. ಕಂಬಳದ ರಾತ್ರಿ ಕೋಣಗಳ ಯಜಮಾನರ ಹೆಸರು ಕೂಗುವಾಗ, ‘ಓ, ನಮ್ಮ ಕಡೆಯವರು’ ಅಂತ ಅಮ್ಮ ಅಡುಗೆಮನೆಯಿಂದ ಓಡಿ ಬರುತ್ತಾರೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿಗೆ ಉಡುಪಿ ಪರ್ಯಾಯದ ಮೆರವಣಿಗೆ ಬಂದರಂತೂ ಚಾಪೆ ಟಿವಿ ಮುಂದೆಯೇ.

ಚಿತ್ರ ಸ್ವಲ್ಪ ಮಂಜು, ಚಿನ್ನದಂಗಡಿ ಜಾಹೀರಾತು ಜಾಸ್ತಿ. ನಾನಾದರೆ ಕೇಬಲ್ಲೇ. ಧಾರಾವಾಹಿ ಅದರಲ್ಲೂ ಬರುತ್ತದಲ್ವಾ?